ನಾಲ್ಕರಾಗ ಒಂದು ಅಂದ್ರ ನಾಲ್ಕು ಮಕ್ಕಳ ಲೆಕ್ಕ ಅಲ್ಲ

ಥಲಸ್ಸೇಮಿಯಾ (ಮೈಯಾಗ ಚಲೋ ರಕ್ತ ತಯಾರಾಗದ ವಂಶದ ರೋಗ) ಇರೋ ಕೂಸಿನ ತಂದಿ-ತಾಯಿಗಿ ನಾವು ಡಾಕ್ಟರುಗಳು ಒಂದು ಮಾತು ಹೇಳಿ ಕಳಿಸ್ತೀವಿ, "ಮುಂದಿನ ಕೂಸಿಗೂ ಬರೋ ಚಾನ್ಸ್ ನಾಲ್ಕರಾಗ ಒಂದು ಅದ, ಹುಷಾರು" ಅಂತ. ಅವರು ಮನಿ ಮುಟ್ಟೋದ್ರೊಳಗ ಆ ಮಾತು ಬ್ಯಾರೇನೇ ಆಗಿರ್ತದ. "ನಾಲ್ಕು ಮಕ್ಕಳಾದ್ರ ಒಂದಕ್ಕ ಬರ್ತದಂತ, ನಮಗ ಆಗ್ಲೇ ಒಂದಕ್ಕ ಬಂದು ಹೋಯ್ತು, ಇನ್ನ ಮೂರು ಆರಾಮ ಇರ್ತಾವ." ಕಲಬುರಗಿಯೊಳಗ ಮಕ್ಕಳ ಡಾಕ್ಟರ್ ಆಗಿ ನಾನು ಈ ಒಂದು ಲೆಕ್ಕ ತಿದ್ದಿದಷ್ಟು ಬ್ಯಾರೆ ಯಾವ ಮಾತೂ ತಿದ್ದಿಲ್ಲ. ಓದಿದವ್ರು, ಓದಲಾರ್ದವ್ರು, ಗಣಿತ ಕಲಿಸೋ ಸಾಲಿ ಮಾಸ್ತರು ಸೈತ ಹಿಂಗೇ ತಿಳ್ಕೊಂಡು ಬರ್ತಾರ.

ಸೇಡಂ ಕಡಿ ಒಂದು ಮನಿತನ, ಗಂಡ ಹೆಂಡ್ತಿ ಸೋದರಮಾವ-ಅಕ್ಕನ ಮಗಳು, ಮೊದಲ್ನೇ ಹುಡುಗಿಗಿ ಮೂರು ವಾರಕ್ಕೊಮ್ಮೆ ರಕ್ತ ಏರಿಸ್ಬೇಕು. ಎರಡನೇದು ಹೊಟ್ಯಾಗಿದ್ದಾಗ ಆ ಹುಡುಗಿ ಆಯಿ (ಅಜ್ಜಿ) ಒಳಗ ಬಂದು ಕುಂತು ಭಾಳ ಸಮಾಧಾನದಿಂದ ಹೇಳಿದ್ಳು, "ಸಾಹೇಬ್ರ, ನಮಗ ಬರೋ ಒಂದು ಪಾಲು ಬಂದು ಹೋಯ್ತಲ್ರೀ, ಉಳ್ದ ಮೂರು ಪಾಲು ಶರಣಬಸಪ್ಪ ದೇವ್ರು ಚಲೋನೇ ಕೊಡ್ತಾನ." ಹೊಲದ ಪಾಲಿಗಿ ಆ ಲೆಕ್ಕ ಖರೇ, ಒಬ್ಬಾಂವ ತನ್ನ ಪಾಲು ತಗೊಂಡು ಹೋದ್ರ ಉಳಿದದ್ದು ಉಳಿದವ್ರದು. ರಕ್ತದಾಗ ಬರೋ ರೋಗಕ್ಕ ಆ ಲೆಕ್ಕ ನಡ್ಯಂಗಿಲ್ಲ.

ಅದಕ್ಕ ನಾನು ಡ್ರಾದಾಗ ಎರಡು ನಾಣ್ಯ ಇಟ್ಕೊಂಡೀನಿ. ಗಂಡನ ಕೈಯಾಗ ಒಂದು, ಹೆಂಡ್ತಿ ಕೈಯಾಗ ಒಂದು ಕೊಡ್ತೀನಿ. ಸಿಂಹ ಬಿದ್ರ ಕೆಟ್ಟ ಜೀನು, ಅಂಕಿ ಬಿದ್ರ ಚಲೋ ಜೀನು. ಇಬ್ಬರೂ ಕ್ಯಾರಿಯರ್, ಅಂದ್ರ ಇಬ್ಬರ ಹತ್ರನೂ ಒಂದು ಚಲೋದು ಒಂದು ಕೆಟ್ಟದ್ದು ಅದ, ಕೂಸಿಗಿ ಇಬ್ಬರಿಂದನೂ ಒಂದೊಂದು ಹೋಗ್ತದ, ಯಾವ್ದು ಹೋಗ್ತದ ಅನ್ನೋದು ಯಾರ ಕೈಯಾಗೂ ಇಲ್ಲ. ಎರಡೂ ಸಿಂಹ ಬಿದ್ರ ಕೂಸಿಗಿ ರೋಗ. ಒಂದು ಸಿಂಹ ಒಂದು ಅಂಕಿ ಆದ್ರ ಕೂಸು ಅಪ್ಪ-ಅವ್ವನ ಹಂಗೇ ಕ್ಯಾರಿಯರ್, ಆರಾಮ ಇರ್ತದ. ಎರಡೂ ಅಂಕಿ ಆದ್ರ ಏನೂ ಇಲ್ಲ. ಈಗ ಹಾರಿಸ್ರಿ ಅಂತೀನಿ, ಒಮ್ಮೆ, ಎರಡು ಸಲ, ಹತ್ತು ಸಲ. ಎರಡೂ ಸಿಂಹ ಬಿದ್ದ ಮ್ಯಾಲೆ ಮತ್ತ ಹಾರಿಸಿದ್ರ ಮತ್ತ ಎರಡೂ ಸಿಂಹ ಬೀಳೋದು ಅವರೇ ಕಣ್ಣಾರೆ ನೋಡ್ತಾರ, ಆಗ ಒಂದು ಕ್ಷಣ ಸುಮ್ಮಗಾಗ್ತಾರ. ಮೊದಲ್ನೇ ಬಸಿರಿಗೂ ನಾಲ್ಕರಾಗ ಒಂದು, ಎರಡನೇದಕ್ಕೂ ನಾಲ್ಕರಾಗ ಒಂದು, ಐದನೇದಕ್ಕೂ ಅಷ್ಟೇ. ಇನ್ನ ಮೂರು ಹಡೀತೀವಿ ಅನ್ನೋರಿಗಿ ಪೂರ್ತಿ ಲೆಕ್ಕ ಹೇಳ್ತೀನಿ ಕೇಳ್ರಿ, ಮೂರೂ ಮಕ್ಕಳು ರೋಗ ಇಲ್ದೆ ಹುಟ್ಟೋ ಚಾನ್ಸ್ ನೂರಕ್ಕ ಸುಮಾರು 42, ಮೂರರಾಗ ಒಂದಕ್ಕಾದ್ರೂ ಬರೋ ಚಾನ್ಸ್ ಸುಮಾರು 58.

ಇನ್ನೊಂದು ಆಸೆ ಅದ, ಅದಕ್ಕ ಬೈಲಿಕ್ಕೂ ಮನಸ್ಸು ಬರಂಗಿಲ್ಲ. "ತಮ್ಮ ಹುಟ್ಟಿದ್ರ ಅಕ್ಕಗ ಬೋನ್ ಮ್ಯಾರೋ (ರಕ್ತ ತಯಾರು ಮಾಡೋ ಎಲುಬಿನ ಮಜ್ಜೆ) ಕೊಡ್ತಾನ" ಅಂತ ಎರಡನೇದು ಮಾಡ್ಕೋತಾರ. ಮ್ಯಾರೋ ಮ್ಯಾಚ್ ಆಗೋ ಚಾನ್ಸೂ ಒಡಹುಟ್ಟಿದವ್ರಾಗ ನಾಲ್ಕರಾಗ ಒಂದೇ, ಆದ್ರ ಅದು ಬ್ಯಾರೆ ನಾಲ್ಕರಾಗ ಒಂದು. ಈ ಬೀಟಾ ಥಲಸ್ಸೇಮಿಯಾ ಜೀನು 11ನೇ ಕ್ರೋಮೋಸೋಮ್‌ದಾಗ ಇರ್ತದ, ಮ್ಯಾಚಿಂಗಿಂದು 6ನೇದ್ರಾಗ, ಒಂದಕ್ಕೊಂದು ಸಂಬಂಧ ಇಲ್ಲ. ಕೂಸಿಗಿ ರೋಗನೂ ಇರಬಾರದು, ಮ್ಯಾಚೂ ಆಗ್ಬೇಕು ಅಂದ್ರ ನಾಲ್ಕರಾಗ ಮೂರು ಗುಣಾ ನಾಲ್ಕರಾಗ ಒಂದು, 16ರಾಗ 3, ಅಂದ್ರ ನೂರಕ್ಕ 19ರಷ್ಟು ಅನ್ರಿ. ಆಸೆ ಬಿಡ್ರಿ ಅಂತ ನಾ ಹೇಳಂಗಿಲ್ಲ, ಲೆಕ್ಕ ಗೊತ್ತಿದ್ದು ಆಸೆ ಇಟ್ಕೋರಿ ಅಂತೀನಿ.

ಒಂದು ಎಚ್ಚರಿಕಿ. ಈ ನಾಲ್ಕರಾಗ ಒಂದು ಅನ್ನೋದು ಎಲ್ಲಾ ವಂಶದ ರೋಗಕ್ಕೂ ಹಚ್ಚಬ್ಯಾಡ್ರಿ. ಥಲಸ್ಸೇಮಿಯಾ, ಸಿಕಲ್ ಸೆಲ್ ಹಿಂಗ ನಡೀತಾವ. ಹಿಮೋಫಿಲಿಯಾದ್ದು (ರಕ್ತ ಸರಿಯಾಗಿ ಹೆಪ್ಪುಗಟ್ಟಲಾರದ ರೋಗ) ಬ್ಯಾರೆ, ಅಲ್ಲಿ ತಾಯಿ ಕ್ಯಾರಿಯರ್ ಇದ್ರ ಪ್ರತಿ ಗಂಡು ಕೂಸಿಗೂ ಎರಡರಾಗ ಒಂದು ಚಾನ್ಸ್. ಕೆಲವು ರೋಗ ಅಪ್ಪ-ಅವ್ವ ಇಬ್ಬರ ಹತ್ರನೂ ಇಲ್ದೆ ಕೂಸಿನಾಗೇ ಹೊಸದಾಗಿ ಶುರು ಆಗ್ತಾವ. ನಿಮ್ಮ ಕೂಸಿಗಿ ಯಾವ ರೋಗ ಅನ್ನೋದು ರಿಪೋರ್ಟಿನ ಮ್ಯಾಲೆ ಖಾತ್ರಿ ಆಗಲಾರ್ದೆ ಯಾರ ಲೆಕ್ಕನೂ ನಂಬಬ್ಯಾಡ್ರಿ, ಇದನ್ನ ಓದಿ ನನ್ನ ಲೆಕ್ಕನೂ.

ಗಂಡಸ್ರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಹೆಂಡ್ತಿ ರಕ್ತ ಕೊಟ್ಟು ಟೆಸ್ಟ್ ಮಾಡಿಸ್ಕೊಂಡಿರ್ತಾಳ, ಗಂಡ ಹೊರಗ ಬೆಂಚಿನ ಮ್ಯಾಲೆ ಕುಂತು "ನನಗೇನಾಗ್ಯಾದ್ರೀ, ತೊಗರಿ ಚೀಲ ಎತ್ತಿ ಲಾರಿಗಿ ಹಾಕ್ತೀನಿ" ಅಂತಾನ. ಖರೇ, ಕ್ಯಾರಿಯರ್ ಆದಾಂವ ಚೀಲ ಎತ್ತತಾನ, ಹೊಲಾ ಹೂಡ್ತಾನ, ಅವನಿಗಿ ಏನೂ ಗೊತ್ತೇ ಆಗಂಗಿಲ್ಲ, ಅದಕ್ಕೇ ಟೆಸ್ಟ್ ಬೇಕು. ಮನ್ಯಾಗ ಮಾತ್ರ ಸೊಸಿ ಕಾಲ್ಗುಣ ಅಂತ ಒಬ್ಬಾಕಿ ತಲಿ ಮ್ಯಾಲೆ ಹಾಕ್ತಾರ. ಇಬ್ಬರ ಕಡಿಂದನೂ ಒಂದೊಂದು ಜೀನು ಬರ್ಲಾರ್ದೆ ಈ ರೋಗ ಆಗಂಗೇ ಇಲ್ಲ, ಆ ಹೆಣ್ಮಗಳನ್ನ ಯಾಕ ಸುಡ್ತೀರಿ. ಬಳಗದಾಗೇ ಕೊಟ್ಟು ತಗೊಂಡಲ್ಲಿ ಇಬ್ಬರ ಹತ್ರನೂ ಅದೇ ಜೀನು ಇರೋ ಚಾನ್ಸ್ ಜಾಸ್ತಿ. ಆದ್ರ ಬ್ಯಾರೆ ಜಾತಿ ಬ್ಯಾರೆ ಊರಿನವ್ರಾಗೂ ಇಬ್ಬರು ಕ್ಯಾರಿಯರ್ ಸಿಗ್ತಾರ, ಭಾರತದಾಗ ನೂರು ಮಂದ್ಯಾಗ ಮೂರು-ನಾಲ್ಕು ಮಂದಿ ಥಲಸ್ಸೇಮಿಯಾ ಕ್ಯಾರಿಯರ್ ಇರ್ತಾರ.

ಟೆಸ್ಟ್ ದೊಡ್ಡದೇನಲ್ಲ. ಮೊದ್ಲು ಸಾದಾ ಸಿಬಿಸಿ (ರಕ್ತದ ಕಣ ಎಣಿಸೋ ಟೆಸ್ಟ್), ಅದರಾಗ ಎಂಸಿವಿ (ಕೆಂಪು ಕಣದ ಗಾತ್ರ) ಕಡಿಮಿ ಇದ್ರ ಹಿಮೋಗ್ಲೋಬಿನ್ ಬಗೆ ಬ್ಯಾರೆ ಮಾಡಿ ನೋಡೋ ಎಚ್‌ಪಿಎಲ್‌ಸಿ, ಅಲ್ಲಿ ಎಚ್‌ಬಿಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ನೂರಕ್ಕ 3.5ಕ್ಕಿಂತ ಜಾಸ್ತಿ ಬಂದ್ರ ಕ್ಯಾರಿಯರ್ ಅಂತ ಸಾಮಾನ್ಯವಾಗಿ ಹೇಳ್ತೀವಿ. ಮೈಯಾಗ ಕಬ್ಬಿಣ ಭಾಳ ಕಡಿಮಿ ಇದ್ರ ಆ ನಂಬರ್ ತಪ್ಪು ತೋರಿಸ್ಬಹುದು, ಹತ್ತಿರದಾಗ ರಕ್ತ ಏರಿಸಿದ್ರಂತೂ ಪೂರ್ತಿ ಕೆಡ್ತದ. ಅದಕ್ಕ ಕೂಸಿಗಿ ಮೊದಲ್ನೇ ಸಲ ರಕ್ತ ಏರಿಸೋಕಿಂತ ಮುಂಚೇನೇ ಸ್ಯಾಂಪಲ್ ತಗೀರಿ ಅಂತ ಕೇಳ್ರಿ.

ಇಬ್ಬರೂ ಕ್ಯಾರಿಯರ್ ಅಂತ ಗೊತ್ತಾದ್ರ ಮುಂದಿನ ಬಸಿರಿಗಿ ಮುಂಚೇನೇ ಇಬ್ಬರ ಜೀನ್ ಟೆಸ್ಟ್ ಮಾಡಿಸ್ರಿ, ಯಾವ ಮ್ಯುಟೇಶನ್ (ಜೀನಿನಾಗಿನ ಬದಲಾವಣಿ) ಅಂತ ಗೊತ್ತಿದ್ರೇ ಹೊಟ್ಯಾಗಿನ ಕೂಸಿಂದು ನೋಡ್ಲಿಕ್ಕ ಬರ್ತದ. ಮುಟ್ಟು ನಿಂತ ತಕ್ಷಣ ಬರ್ರಿ, 11ರಿಂದ 13ನೇ ವಾರದೊಳಗ ಸಿವಿಎಸ್ (ಮಾಸದ ಸಣ್ಣ ತುಣುಕು ತಗೊಂಡು ಮಾಡೋ ಟೆಸ್ಟ್) ಮಾಡ್ತಾರ, ಗರ್ಭಪಾತದ ಸಣ್ಣ ರಿಸ್ಕ್ ಅದ, ಅದನ್ನೂ ಕೇಳ್ಕೊಂಡೇ ಒಪ್ಪಿಗಿ ಕೊಡ್ರಿ. ಮುಂದ ಏನ್ ಮಾಡ್ಬೇಕು ಅನ್ನೋದು ನಿಮ್ಮಿಬ್ಬರ ನಿರ್ಧಾರ, ಅತ್ತಿ-ಮಾವಂದಲ್ಲ, ನಂದೂ ಅಲ್ಲ. ನಮ್ಮ ಕಡಿ ಭಾಳ ಮಂದಿ ಏಳು ತಿಂಗಳಾಗಿ ಕುಬಸ ಮುಗಿಸ್ಕೊಂಡು, ಹಸಿರು ಬಳಿ ತುಂಬಿದ ಕೈಯಾಗ ಮೊದಲ್ನೇ ಕೂಸಿನ ಫೈಲ್ ಹಿಡ್ಕೊಂಡು ಬರ್ತಾರ, ಆಗ ನನ್ನ ಕಡಿಂದ ಮಾಡ್ಲಿಕ್ಕ ಭಾಳ ಕಡಿಮಿ ಉಳಿದಿರ್ತದ.

ಮತ್ತ ಆ ಕೂಸಿನ ಕಾಕಾ, ಮಾಮಾ, ಸೋದರತ್ತಿ, ಚಿಕ್ಕವ್ವ, ಇವರ್ಯಾರ ಲಗ್ನ ಇನ್ನೂ ಆಗಿಲ್ಲಂದ್ರ ಅವ್ರನ್ನೂ ಕರ್ಕೊಂಡು ಬರ್ರಿ. ಎಚ್‌ಪಿಎಲ್‌ಸಿ ರಿಪೋರ್ಟ್ ಝೆರಾಕ್ಸ್ ಮಾಡಿಸಿ ಆಧಾರ್ ಕಾರ್ಡ್ ಸಂಗಟ ಇಡ್ರಿ, ಹೆಣ್ಣು ನೋಡ್ಲಿಕ್ಕ ಹೋಗೋ ಮುಂಚೆ ತಗೀಲಿಕ್ಕ ಬರ್ತದ.