ಝಡ್/ವಿಎಂ ಮೇಲಿನ ಲಿನಕ್ಸ್: ಹಳೆಯ ಕರ್ನಲ್‌ಗೆ ದಾರಿ ಉಳಿಸಿಕೊಳ್ಳಿ

"ಸರ, ಬಾಣದ ಕೀ ಒತ್ತಿದ್ರೂ ಮೆನು ಅಲ್ಲಾಡವಲ್ದ್ರಿ." ಕಲಬುರಗಿ, ಬೀದರ್ ಕಡೆಯ ಕಾಲೇಜುಗಳಲ್ಲಿ ಓದಿ ಮೇನ್‌ಫ್ರೇಮ್ ಕೆಲಸಕ್ಕೆ ಸೇರಿದ ಹುಡುಗರು ನನ್ನನ್ನು ಮೊದಲು ಕೇಳುವುದು ಇದನ್ನೇ. ಅದು ಅಲ್ಲಾಡುವುದೇ ಇಲ್ಲ. ಒಂದೇ ಐಬಿಎಂ ಝಡ್ ಮೇನ್‌ಫ್ರೇಮಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು (ಗೆಸ್ಟ್) ಓಡಿಸುವ ಝಡ್/ವಿಎಂ ಒಳಗೆ ಬೂಟ್ ಅಂದರೆ ಐಪಿಎಲ್. ಅಲ್ಲಿ ಲಿನಕ್ಸ್ ಎಬ್ಬಿಸುವ ಬೂಟ್ ಲೋಡರ್ ಝಿಪಿಎಲ್. ಅದರ ಮೆನು ಕನ್ಸೋಲ್‌ನಲ್ಲಿ ಬರೀ ಸಾಲುಗಳಾಗಿ ಬರುತ್ತದೆ, ಆಯ್ಕೆಯನ್ನು ಸಿಪಿ (ಝಡ್/ವಿಎಂನ ನಿಯಂತ್ರಣ ಭಾಗ) ಮೂಲಕ ಟೈಪ್ ಮಾಡಬೇಕು: "#ಸಿಪಿ ವಿಇನ್‌ಪುಟ್ ವಿಎಂಎಸ್‌ಜಿ 2". ಇದು ಮೆನುವಿನ 2ನೇ ಸಾಲನ್ನು ಎಬ್ಬಿಸುತ್ತದೆ.

ಮೆನುವಿಗೆ ಕಾಯದೆ "ಐಪಿಎಲ್ 200 ಲೋಡ್‌ಪಾರ್ಮ್ 2" ಎಂದು ನೇರವಾಗಿಯೂ ಕೊಡಬಹುದು. 200 ಎನ್ನುವುದು ಡಿಸ್ಕಿನ ವಿಳಾಸ, ನಿಮ್ಮಲ್ಲಿ ಬೇರೆ ಇರಬಹುದು. ಲೋಡ್‌ಪಾರ್ಮ್ ಮೆನುವಿನ ಯಾವ ಸಾಲು ಬೇಕೆಂದು ಹೇಳುತ್ತದೆ. ಸಂಖ್ಯೆಯ ಬದಲು "ಪ್ರಾಂಪ್ಟ್" ಎಂದರೆ ಮೆನು ತೋರಿಸುತ್ತದೆ. ಸೂಸೆ ಲಿನಕ್ಸ್ 12ರಿಂದ ಈಚೆಗೆ ಝಿಪಿಎಲ್ ಆದಮೇಲೆ ಗ್ರಬ್2 ಎಂಬ ಇನ್ನೊಂದು ಬೂಟ್ ಲೋಡರ್ ಬರುವುದರಿಂದ ಅಲ್ಲಿನ ಲೆಕ್ಕ ಬೇರೆ.

ಒಂದೇ ಸಲಕ್ಕೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬೂಟ್ ಹೊತ್ತಿನಲ್ಲಿ ಕೊಡುವ ಪ್ಯಾರಾಮೀಟರ್ ಬೇಕಿದ್ದರೆ ಡಿಸ್ಕಿನಲ್ಲಿ ಏನನ್ನೂ ತಿದ್ದಬೇಡಿ. "ಐಪಿಎಲ್ 200 ಪಾರ್ಮ್ ಸಿಂಗಲ್" ಸಾಕು, ಇರುವ ಪ್ಯಾರಾಮೀಟರ್‌ಗಳ ಕೊನೆಗೆ ಅದು ಸೇರುತ್ತದೆ. ಮಿತಿ 64 ಅಕ್ಷರ. ಆದರೆ ಮೊದಲ ಅಕ್ಷರ "=" ಆಗಿದ್ದರೆ ಸೇರಿಸುವುದಿಲ್ಲ, ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ಕೂರಿಸುತ್ತದೆ. ರೂಟ್ ಡಿಸ್ಕ್ ಯಾವುದೆಂದು ಹೇಳುವ ಭಾಗವೂ ಹೋಗಿಬಿಡುತ್ತದೆ. ಎಂಟರ್ ಒತ್ತುವ ಮೊದಲು ಆ ಒಂದು ಗುರುತನ್ನು ಕಣ್ಣಿಟ್ಟು ನೋಡಿ.

ಝಿಪಿಎಲ್‌ನ ಸೆಟ್ಟಿಂಗ್ ಫೈಲ್ ಝಿಪಿಎಲ್.ಕಾನ್ಫ್ ತಿದ್ದಿದರೆ, ಕರ್ನಲ್ ಅಥವಾ ಇನಿಟ್‌ಆರ್‌ಡಿ (ಬೂಟ್ ಶುರುವಿಗೆ ಬೇಕಾದ ಚಿಕ್ಕ ಫೈಲ್‌ಸಿಸ್ಟಂ) ಬದಲಿಸಿದರೆ ಝಿಪಿಎಲ್ ಓಡಿಸಲೇಬೇಕು. ಐಪಿಎಲ್ ಹೊತ್ತಿನಲ್ಲಿ ಫೈಲ್‌ಸಿಸ್ಟಂ ಓದುವವರು ಯಾರೂ ಇಲ್ಲ. ಕರ್ನಲ್ ಡಿಸ್ಕಿನ ಯಾವ ಬ್ಲಾಕುಗಳಲ್ಲಿದೆ ಎಂದು ಝಿಪಿಎಲ್ ಬರೆದಿಟ್ಟ ಪಟ್ಟಿಯೊಂದೇ ಆಧಾರ. ಫೈಲ್ ಬೇರೆ ಬ್ಲಾಕಿಗೆ ಹೋಗಿ ಪಟ್ಟಿ ಹಳೆಯದೇ ಉಳಿದರೆ ಯಂತ್ರ ಏಳುವುದಿಲ್ಲ. ಅದಕ್ಕೇ ಮೆನುವಿನಲ್ಲಿ ಚೆನ್ನಾಗಿ ಓಡಿದ ಹಳೆಯ ಕರ್ನಲ್‌ನ ಸಾಲು ಸದಾ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ. ಜಾಗ ಉಳಿಸಲೆಂದು ಅದನ್ನು ಅಳಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಟೈಮ್‌ಔಟ್ 0 ಇಟ್ಟರೆ ಮೆನು ಯಾರಾದರೂ ಉತ್ತರ ಕೊಡುವವರೆಗೂ ಕಾಯುತ್ತದೆ. ರಾತ್ರಿ ತಾನಾಗಿಯೇ ಲಾಗಾನ್ ಆಗುವ ಗೆಸ್ಟ್‌ನ ಕನ್ಸೋಲ್ ಮುಂದೆ ಯಾರಿರುತ್ತಾರೆ? 15 ಸೆಕೆಂಡು ಇಡಿ. ಕಲಬುರಗಿಯಲ್ಲಿ ಕೂತು ದೂರದ ಡೇಟಾ ಸೆಂಟರ್‌ಗೆ ಲೈನ್ ಮೂಲಕ ಸಂಪರ್ಕ ಪಡೆದು ಕೆಲಸ ಮಾಡುವವರು "ಸೆಟ್ ರನ್ ಆನ್" ಕೂಡ ಹಾಕಿಕೊಳ್ಳಿ. ಇಲ್ಲವಾದರೆ ಮಳೆಗೆ ಲೈನ್ ಹೋಗಿ ಮತ್ತೆ ಲಾಗಾನ್ ಆದಾಗ ಗೆಸ್ಟ್ ಸಿಪಿ ರೀಡ್‌ನಲ್ಲಿ, ಅಂದರೆ ಸಿಪಿ ನಿಮ್ಮ ಆಜ್ಞೆಗೆ ಕಾಯುವ ಸ್ಥಿತಿಯಲ್ಲಿ, ನಿಂತುಬಿಡುತ್ತದೆ, "ಬಿಗಿನ್" ಕೊಟ್ಟರಷ್ಟೇ ಮುಂದಕ್ಕೆ.

ರೀಬೂಟ್‌ಗೆ ಮುಂಚೆ "ಎಲ್ಎಸ್‌ರೀಐಪಿಎಲ್" ಓಡಿಸಿ. ಮುಂದಿನ ರೀಬೂಟ್ ಯಾವ ಡಿಸ್ಕ್, ಯಾವ ಲೋಡ್‌ಪಾರ್ಮ್‌ನಿಂದ ಎಂದು ತೋರಿಸುತ್ತದೆ. ಪರೀಕ್ಷೆಗೆಂದು ಕೊಟ್ಟ ಸಂಖ್ಯೆ ಅಲ್ಲೇ ಉಳಿದಿದ್ದರೆ "ಸಿಎಚ್‌ರೀಐಪಿಎಲ್"ನಿಂದ ಬದಲಿಸಿ, ಆಮೇಲೆ ರೀಬೂಟ್ ಕೊಡಿ.