ಸಾರುವೆ ಏರುವ ಮೊದಲೇ ಕೇಳಬೇಕಾದ ಪ್ರಶ್ನೆಗಳು

ಹಳೆಯ ವಸತಿ ಸಮುಚ್ಚಯವೊಂದರ ದೊಡ್ಡ ದುರಸ್ತಿಯ ಪ್ರಸ್ತಾವ ನಿವಾಸಿಗಳ ಸಭೆಗೆ ಬಂದಾಗ ಏಳುವ ಶಂಕೆಗಳು ಬಹುತೇಕ ಒಂದೇ ಬಗೆಯವು: ಈ ಕೆಲಸ ನಿಜಕ್ಕೂ ಅಗತ್ಯವೇ, ಇಂದು ತೋರಿಸುತ್ತಿರುವ ಅಂದಾಜು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ, ಕೆಲಸ ನಡೆಯುವಷ್ಟು ಕಾಲ ನಮ್ಮ ಸುರಕ್ಷತೆಯ ಗತಿಯೇನು. ಕಟ್ಟಡ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡ ಎಂಜಿನಿಯರ್ ಆಗಿ ಹೇಳುವುದಾದರೆ, ಈ ಪ್ರಶ್ನೆಗಳನ್ನು ತಕರಾರು ಎಂದು ಬದಿಗೆ ಸರಿಸುವ ಸಲಹೆಗಾರರ ಮೇಲೆಯೇ ಮೊದಲು ಅನುಮಾನ ಪಡಬೇಕು. ಆದರೆ ಪ್ರಶ್ನೆಗೆ ಫಲ ಸಿಗಬೇಕಾದರೆ ಅದು ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು, ಅಳೆದು ಉತ್ತರಿಸಬಹುದಾದ ರೂಪದಲ್ಲಿ ಬರಬೇಕು.

ಅಗತ್ಯದ ಪ್ರಶ್ನೆಗೆ ಉತ್ತರ ಕಾಂಕ್ರೀಟಿನೊಳಗಿದೆ. ಒಳಗಿನ ಕಂಬಿಯನ್ನು ತುಕ್ಕಿನಿಂದ ಕಾಯುವುದು ಕಾಂಕ್ರೀಟಿನ ಕ್ಷಾರಗುಣ. ಹೊಸತರಲ್ಲಿ ಅದರ ಪಿಎಚ್ 12ಕ್ಕೂ ಮೇಲಿರುತ್ತದೆ; ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಾನುಗಟ್ಟಲೆ ಒಳಸೇರುತ್ತಾ ಅದನ್ನು ಸುಮಾರು 9ಕ್ಕೆ ಇಳಿಸಿದಾಗ ಆ ಕಾವಲು ತಪ್ಪುತ್ತದೆ. ಅನಂತರ ತೇವ ತಗುಲಿತೆಂದರೆ ಕಂಬಿಗೆ ತುಕ್ಕು ಹಿಡಿಯುತ್ತದೆ, ಮತ್ತು ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಮೇಲಿನ ಕಾಂಕ್ರೀಟ್ ಕಂಬಿಯ ಉದ್ದಕ್ಕೇ ಬಿರಿದು ಕೊನೆಗೆ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳಿಗೂ, ತೊಲೆಯ ಅಡಿಯಲ್ಲಿ ಕಂದು ಕಲೆಯೊಡನೆ ನೇರವಾಗಿ ಸಾಗುವ ಬಿರುಕಿಗೂ ಇರುವ ವ್ಯತ್ಯಾಸವನ್ನು ಯಾವ ನಿವಾಸಿಯಾದರೂ ಬರಿಗಣ್ಣಿನಿಂದ ಗುರುತಿಸಬಹುದು.

ಇದನ್ನು ಪರೀಕ್ಷಿಸುವ ಕ್ರಮವೂ ಸರಳ. ಆಗತಾನೇ ಒಡೆದ ಕಾಂಕ್ರೀಟಿನ ಮುಖಕ್ಕೆ ಫಿನಾಫ್ಥಲೀನ್ ದ್ರಾವಣ ಸಿಂಪಡಿಸಿದರೆ, ಕ್ಷಾರಗುಣ ಉಳಿದಿರುವ ಭಾಗ ಗಾಢ ಗುಲಾಬಿಗೆ ತಿರುಗುತ್ತದೆ. ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಹೊರಮೈಯಿಂದ ಬಣ್ಣ ಬಾರದ ಪದರದ ಆಳವೆಷ್ಟು, ಕಂಬಿ ಇರುವುದು ಎಷ್ಟು ಆಳದಲ್ಲಿ ಎಂಬ ಎರಡು ಅಳತೆಗಳನ್ನು ಪ್ರತಿ ಕಟ್ಟಡಕ್ಕೂ ಬೇರೆ ಬೇರೆಯಾಗಿ ಕೇಳಿ ಪಡೆಯಿರಿ. ಮೊದಲನೆಯದು ಎರಡನೆಯದನ್ನು ಮುಟ್ಟಿದ್ದರೆ ದುರಸ್ತಿಯನ್ನು ಮುಂದೂಡುವುದು ಜಾಣತನವಲ್ಲ. ಈ ಅಂಕಿಗಳೇ ಇಲ್ಲದೆ ಬರೀ ಛಾಯಾಚಿತ್ರಗಳಿಂದ ತುಂಬಿದ ವರದಿ ಎಷ್ಟೇ ದಪ್ಪವಾಗಿದ್ದರೂ ಅದರ ಆಧಾರದ ಮೇಲೆ ಹಣ ಮಂಜೂರು ಮಾಡಬಾರದು.

ಅತಿ ಹೆಚ್ಚು ಜಗಳ ಹುಟ್ಟುವುದು ಖರ್ಚಿನ ವಿಷಯದಲ್ಲಿ, ಮತ್ತು ಇಲ್ಲಿ ನಿವಾಸಿಗಳ ಅನುಮಾನ ಅರ್ಧ ಸರಿ, ಅರ್ಧ ತಪ್ಪು. ಗೋಡೆಯ ಹಿಂದೆ ಎಷ್ಟು ಭಾಗ ಪೊಳ್ಳಾಗಿದೆ ಎಂಬುದು ನೆಲದ ಮೇಲೆ ನಿಂತು ನೋಡುವವರಿಗೆ ಪೂರ್ತಿ ತಿಳಿಯದು. ಸಾರುವೆ ಕಟ್ಟಿದ ಮೇಲೆ ಒಬ್ಬರು ಸುತ್ತಿಗೆ ಹಿಡಿದು ಅಡಿ ಅಡಿಗೂ ತಟ್ಟುತ್ತಾ ಹೋಗಬೇಕು; ಗಟ್ಟಿ ಕಾಂಕ್ರೀಟ್ ಖಣಿಲೆಂದರೆ ಪೊಳ್ಳಾದದ್ದು ಬದ್ದೆನ್ನುತ್ತದೆ, ಅಲ್ಲಿ ಸೀಮೆಸುಣ್ಣದ ಗೆರೆ ಬೀಳುತ್ತದೆ. ಆದ್ದರಿಂದ ಪರಿಮಾಣ ಹೆಚ್ಚಾಗುವುದು ತಾನಾಗಿ ಮೋಸವಲ್ಲ. ಮೋಸಕ್ಕೆ ದಾರಿಯಾಗುವುದು ಹೆಚ್ಚಿದ ಪರಿಮಾಣಕ್ಕೆ ಯಾವ ದರ ಎಂಬುದನ್ನು ಮೊದಲೇ ಗೊತ್ತುಪಡಿಸದಿರುವುದು ಮತ್ತು ಗೆರೆ ಎಳೆದ ಜಾಗವನ್ನು ಗುತ್ತಿಗೆದಾರನೊಬ್ಬನೇ ಅಳೆಯುವುದು. ಇಡೀ ಕೆಲಸಕ್ಕೆ ಒಂದೇ ಇಡಿಗಂಟಿನ ಮೊತ್ತ ನಿಶ್ಚಿಂತೆ ತರುವಂತೆ ಕಂಡರೂ, ಅಂಥ ಒಪ್ಪಂದದಲ್ಲಿ ಪೊಳ್ಳು ಭಾಗವನ್ನು ಒಡೆಯದೆ ಮೇಲೆ ಗಾರೆ ಮೆತ್ತಿ ಮುಚ್ಚಿಬಿಡುವ ಆಸೆ ಗುತ್ತಿಗೆದಾರನಿಗೆ ಇದ್ದೇ ಇರುತ್ತದೆ. ಅದಕ್ಕೆ ಬದಲಾಗಿ, ಆಳಕ್ಕೆ ತಕ್ಕಂತೆ ಚದರ ಮೀಟರಿಗೆ ಇಷ್ಟು ಎಂದು ದರ ನಿಗದಿಪಡಿಸಿ, ಪರಿಮಾಣ ಎಷ್ಟು ಮೀರಿದರೆ ಸಭೆಯ ಒಪ್ಪಿಗೆ ಮತ್ತೆ ಬೇಕೆಂಬ ಮಿತಿಯನ್ನೂ ಬರೆದು, ಒಡೆಯುವ ಮೊದಲು, ಒಡೆದ ಮೇಲೆ ಹಾಗೂ ತುಂಬಿದ ಮೇಲೆ ಚಿತ್ರ ತೆಗೆದು, ಸಂಘದ ಪ್ರತಿನಿಧಿಯ ಎದುರಿನಲ್ಲೇ ಅಳತೆ ಪುಸ್ತಕಕ್ಕೆ ಸಹಿ ಹಾಕಿಸುವುದು ಮೇಲು. ಇದು ಬೇಸರದ ಕೆಲಸ, ಮತ್ತು ಪ್ರತಿನಿಧಿಯಾಗಲು ಯಾರೂ ಮುಂದೆ ಬರುವುದಿಲ್ಲ ಎಂಬುದೂ ನಿಜ.

ಸುರಕ್ಷತೆಯ ಶಂಕೆಯನ್ನು ಮಾತ್ರ ಯಾವ ಕಾರಣಕ್ಕೂ ಹಗುರವಾಗಿ ತೆಗೆದುಕೊಳ್ಳಬಾರದು. ಲಂಡನ್ನಿನ 24 ಅಂತಸ್ತಿನ ಗ್ರೆನ್ಫೆಲ್ ಟವರ್ 2016ರಲ್ಲಷ್ಟೇ ನವೀಕರಣ ಮುಗಿಸಿತ್ತು. ಹೊರಗೋಡೆಗೆ ಹೊದಿಸಿದ ಅಲ್ಯೂಮಿನಿಯಂ ಹಲಗೆಗಳ ನಡುವೆ ಇದ್ದದ್ದು ಬೇಗ ಉರಿಯುವ ಪಾಲಿಥಿಲೀನ್. 2017ರ ಜೂನ್ 14ರ ಬೆಂಕಿಯಲ್ಲಿ 72 ಮಂದಿ ಸತ್ತರು. ನಿವಾಸಿಗಳ ಗುಂಪೊಂದು ಅಗ್ನಿ ಸುರಕ್ಷತೆಯ ಬಗ್ಗೆ ಮುಂಚೆಯೇ ಎಚ್ಚರಿಸಿತ್ತು. 2025ರ ನವೆಂಬರ್ 26ರಂದು ಹಾಂಕಾಂಗಿನ ತೈ ಪೋದಲ್ಲಿರುವ ವಾಂಗ್ ಫುಕ್ ಕೋರ್ಟ್ ಸಮುಚ್ಚಯದಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಬೆಂಕಿ ಬಿದ್ದು, 8 ಕಟ್ಟಡಗಳಲ್ಲಿ 7ಕ್ಕೆ ಹಬ್ಬಿ, 150ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಾರುವೆಗೆ ಹೊದಿಸಿದ್ದ ಬಲೆ ಮತ್ತು ಕಿಟಕಿಗಳಿಗೆ ಮುಚ್ಚಿದ್ದ ಫೋಮ್ ಹಲಗೆಗಳು ಬೆಂಕಿ ಹರಡಲು ನೆರವಾದವು. ಆ ಬಲೆಯ ಬಗ್ಗೆಯೂ ನಿವಾಸಿಗಳು ಹಿಂದಿನ ವರ್ಷವೇ ಅಧಿಕಾರಿಗಳನ್ನು ವಿಚಾರಿಸಿದ್ದರು.

ಹೀಗಾಗಿ ಬಲೆ, ಹೊದಿಕೆ, ಉಷ್ಣನಿರೋಧಕ ಪದರ ಯಾವುದೇ ಇರಲಿ, ಅದರ ಅಗ್ನಿ ಪರೀಕ್ಷೆಯ ಪ್ರಮಾಣಪತ್ರ ಸಂಘದ ಕೈಯಲ್ಲಿರಬೇಕು. ಅಷ್ಟೇ ಸಾಲದು, ಕೆಲಸದ ಸ್ಥಳಕ್ಕೆ ಬಂದಿಳಿದ ಸರಕಿನಿಂದಲೇ ಮಾದರಿ ತೆಗೆದು, ಬೇರೆ ಬೇರೆ ಎತ್ತರದಿಂದಲೂ ತುಣುಕು ಕತ್ತರಿಸಿ ಸ್ವತಂತ್ರ ಪ್ರಯೋಗಾಲಯಕ್ಕೆ ಕಳಿಸಬೇಕು. ಕೆಲಸದ ಅವಧಿಯಲ್ಲಿ ಅಗ್ನಿ ಎಚ್ಚರಿಕೆ ಗಂಟೆಯನ್ನು ಯಾರೂ ಆರಿಸಕೂಡದು, ಮೆಟ್ಟಿಲ ದಾರಿಯಲ್ಲಿ ಸಿಮೆಂಟ್ ಚೀಲ ಪೇರಿಸಕೂಡದು.

ಮನೆ ಬಿಟ್ಟು ಹೋಗಬೇಕೇ ಎಂಬ ಆತಂಕಕ್ಕೆ ಫ್ರಾನ್ಸಿನ ಬೋರ್ದೋ ನಗರದ ಗ್ರಾಂ ಪಾರ್ಕ್ ಸಮುಚ್ಚಯ ಒಂದು ಉತ್ತರ. ಅಲ್ಲಿ 530 ಮನೆಗಳಿಗೆ ಹೊರಗಡೆಯಿಂದ ಹೊಸ ಚಾಚು ಮತ್ತು ಗಾಜಿನ ಪಡಸಾಲೆಗಳನ್ನು ಸೇರಿಸಿದಾಗ ನಿವಾಸಿಗಳು ಅಲ್ಲೇ ವಾಸವಾಗಿದ್ದರು. ಎಲ್ಲ ಕಡೆಯೂ ಇದು ಸಾಧ್ಯವಿಲ್ಲ. ತೊಲೆ, ಕಂಬಗಳಿಗೆ ಊರೆ ಕೊಟ್ಟು ಬಲಪಡಿಸಬೇಕಾದ ಮನೆಯನ್ನು ಆ ಅವಧಿಗೆ ತೆರವು ಮಾಡಲೇಬೇಕು, ಮತ್ತು ಎಷ್ಟು ದಿನಕ್ಕೆ, ಬಾಡಿಗೆ ಯಾರ ಪಾಲು ಎಂಬುದು ಒಪ್ಪಂದದಲ್ಲೇ ಇರಬೇಕು.

ಕೊನೆಯ ಕಂತಿನ ಬಗ್ಗೆಯೂ ಒಂದು ಮಾತು. ಒಪ್ಪಂದದಲ್ಲೇ ಷರತ್ತು ಹಾಕಿ ಬಿಲ್ಲಿನ ಒಂದು ಪಾಲನ್ನು ಖಾತರಿ ಅವಧಿ ಮುಗಿಯುವವರೆಗೆ ತಡೆಹಿಡಿಯುವುದು ವಾಡಿಕೆ; ಗುತ್ತಿಗೆದಾರ ಎಷ್ಟೇ ಒತ್ತಾಯಿಸಿದರೂ ಅದನ್ನು ಬಿಡಬೇಡಿ. ತಾರಸಿಯ ಜಲನಿರೋಧಕ ಪದರವನ್ನು ಮೇಲ್ಗಾರೆಯಿಂದ ಮುಚ್ಚುವ ಮೊದಲೇ ನೀರಿನ ಕಿಂಡಿಗಳನ್ನು ಕಟ್ಟಿ, 24ರಿಂದ 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಬೇಕು, ಮತ್ತು ಆ ಕೆಲಸದ ಬಿಲ್ಲು ಪಾವತಿಯಾಗುವುದಕ್ಕೆ ಮೇಲಂತಸ್ತಿನ ಮನೆಯವರು ತಮ್ಮ ಚಾವಣಿ ಒಣಗಿಯೇ ಇದೆ ಎಂದು ಬರೆದು ಕೊಟ್ಟಿರಬೇಕು.