ಲಸಿಕೆಗೆ ಮುಂಚಿನ ಒಂದು ಟ್ಯೂಬ್ ರಕ್ತ

ಕೋವಿಡ್ ಬಂದ ವರ್ಷದೊಳಗೇ ಲಸಿಕೆ ಸಿದ್ಧವಾಯ್ತು, ಡೆಂಗಿಗೆ ಯಾಕೆ ಇಷ್ಟೊಂದು ತಡ? ಲಸಿಕೆ ಪ್ರಯೋಗಗಳ ಕೆಲಸದಲ್ಲಿರುವ ನಮ್ಮಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವುದರಲ್ಲಿ ನ್ಯಾಯವೂ ಇದೆ. ಡೆಂಗಿ ವೈರಸ್ಸನ್ನು ಜಪಾನಿನ ಸಂಶೋಧಕರು 1943ರಲ್ಲೇ ಬೇರ್ಪಡಿಸಿದ್ದರು. ಅದರ ದಾಯಾದಿಯಾದ ಹಳದಿ ಜ್ವರದ ವೈರಸ್ಸಿಗೆ ಇನ್ನೂ ಮೊದಲೇ, 1937ರಲ್ಲಿ, ಮ್ಯಾಕ್ಸ್ ಥೈಲರ್ ಲಸಿಕೆ ಮಾಡಿ ಮುಗಿಸಿದ್ದರು. ಆ ಕೆಲಸಕ್ಕೆ 1951ರಲ್ಲಿ ನೊಬೆಲ್ ಕೂಡ ಬಂತು. ಇವತ್ತಿಗೂ ನಡೆಯುತ್ತಿರುವುದು ಅದೇ ಲಸಿಕೆ. ಒಂದು ಡೋಸ್ ಹಾಕಿಸಿಕೊಂಡರೆ ಬಹುತೇಕ ಜನರಿಗೆ ಜೀವನಪೂರ್ತಿ ಸಾಕು. ಎರಡೂ ಒಂದೇ ಕುಟುಂಬದ ವೈರಸ್, ಹೊತ್ತು ತರುವುದೂ ಅದೇ ಈಡಿಸ್ ಸೊಳ್ಳೆ.

ತೊಡಕು ಇರುವುದು ಡೆಂಗಿಯಲ್ಲಿ ನಾಲ್ಕು ವಿಧ ಇರುವುದರಲ್ಲಿ. ಒಂದನೇ ವಿಧ ಬಂದು ಹೋದರೆ ಅದು ಮತ್ತೆ ಕಾಡುವುದು ತೀರಾ ಅಪರೂಪ. ಉಳಿದ ಮೂರರಿಂದ ಮಾತ್ರ ಕೆಲವು ತಿಂಗಳ ರಕ್ಷಣೆಯಷ್ಟೇ. ಇದನ್ನು ಆಲ್ಬರ್ಟ್ ಸೇಬಿನ್ 1940ರ ದಶಕದಲ್ಲೇ ಗಮನಿಸಿದ್ದರು. ಮುಂದೆ ಪೋಲಿಯೊ ಹನಿಗೆ ಹೆಸರಾದ ಅದೇ ಸೇಬಿನ್. ಆ ಕೆಲವು ತಿಂಗಳು ಕಳೆದ ಮೇಲೆ ಏನಾಗುತ್ತದೆ ಎಂಬುದು ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯ್ತು.

ಬ್ಯಾಂಕಾಕಿನಲ್ಲಿ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಕೆಲಸ ಮಾಡುತ್ತಿದ್ದಾಗ ರಕ್ತಸ್ರಾವ, ಶಾಕ್ (ರಕ್ತದೊತ್ತಡ ಕುಸಿಯುವುದು) ಎಂದು ತೀವ್ರ ಸ್ಥಿತಿಗೆ ಹೋಗುತ್ತಿದ್ದ ಮಕ್ಕಳಲ್ಲಿ ಎರಡು ಗುಂಪು ಎದ್ದು ಕಂಡಿತು. ಒಂದು, ಎರಡನೇ ಸಲ ಡೆಂಗಿ ಬಂದವರು. ಇನ್ನೊಂದು, ಒಂದು ವರ್ಷ ತುಂಬದ ಕೂಸುಗಳು. ಕೂಸುಗಳಿಗೆ ಅದು ಮೊದಲನೇ ಸೋಂಕೇ. ಆದರೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಆಂಟಿಬಾಡಿ ಅವುಗಳ ರಕ್ತದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಎರಡೂ ಗುಂಪಿಗೆ ಸಮಾನವಾಗಿದ್ದದ್ದು ಇದೇ: ವೈರಸ್ಸನ್ನು ಹಿಡಿಯುವಷ್ಟಿದ್ದು, ಮುಗಿಸುವಷ್ಟಿಲ್ಲದ ಆಂಟಿಬಾಡಿ.

ಕಳ್ಳನನ್ನು ಹಿಡಿದ ಪೊಲೀಸರು ಬೇಡಿ ಹಾಕದೆ ಠಾಣೆಯೊಳಕ್ಕೆ ಕರೆದುಕೊಂಡು ಹೋದ ಹಾಗೆ. ಆಂಟಿಬಾಡಿಯ ಬಾಲವನ್ನು ಗುರುತಿಸಿ ಒಳಗೆಳೆದುಕೊಳ್ಳುವ ಬಿಳಿ ರಕ್ತಕಣಗಳಿವೆ. ಸರಿಯಾಗಿ ಕಟ್ಟಿಹಾಕಿದ ವೈರಸ್ ಅಲ್ಲಿ ಒಳಗೆ ಹೋಗಿ ಸಾಯುತ್ತದೆ. ಸಡಿಲವಾಗಿ ಕಟ್ಟಿದ್ದು ಅಲ್ಲೇ ಮನೆ ಮಾಡಿಕೊಂಡು ಮರಿ ಹಾಕುತ್ತದೆ. ಡೆಂಗಿಗೆ ಬೇಕಾದದ್ದೂ ಅದೇ ಬಿಳಿ ರಕ್ತಕಣ.

ಇದಕ್ಕೆ ಕ್ಯೂಬಾದಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 1977ರಲ್ಲಿ ಅಲ್ಲಿ ಒಂದನೇ ವಿಧ ಬಂತು, ದೊಡ್ಡ ಗದ್ದಲವಿಲ್ಲದೆ ಹೋಯ್ತು. 1981ರಲ್ಲಿ ಎರಡನೇ ವಿಧ ಬಂದಾಗ 158 ಜನ ಸತ್ತರು. ಆಮೇಲೆ ಸೊಳ್ಳೆಯನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟರೆಂದರೆ, 1997ರವರೆಗೆ ಡೆಂಗಿಯ ಹಾವಳಿ ಇಲ್ಲ. 1997ರಲ್ಲಿ ಸಾಂಟಿಯಾಗೊ ದೆ ಕ್ಯೂಬಾದಲ್ಲಿ ಎರಡನೇ ವಿಧ ಮತ್ತೆ ಕಾಣಿಸಿಕೊಂಡಿತು. ಆಗ ತೀವ್ರ ರೋಗಕ್ಕೆ ತುತ್ತಾದವರು ಹೆಚ್ಚುಕಡಿಮೆ ಎಲ್ಲರೂ ದೊಡ್ಡವರು. ಇಪ್ಪತ್ತು ವರ್ಷದ ಹಿಂದೆ ಒಂದನೇ ವಿಧ ತಗುಲಿದ್ದವರು. ಅಷ್ಟು ವರ್ಷ ಕಳೆದರೂ ಆ ಹಳೇ ಸೋಂಕಿನ ಅಪಾಯ ಹೋಗಿರಲಿಲ್ಲ.

ಈಗ ಲಸಿಕೆ ಮಾಡುವವರ ಕಷ್ಟ ನೋಡಿ. ನಾಲ್ಕೂ ವಿಧಕ್ಕೆ, ಒಟ್ಟಿಗೆ, ಗಟ್ಟಿಯಾದ, ಬಹುಕಾಲ ಉಳಿಯುವ ರಕ್ಷಣೆ ಕೊಡಬೇಕು. ಮೂರಕ್ಕೆ ಚೆನ್ನಾಗಿ ಸಿಕ್ಕಿ ನಾಲ್ಕನೆಯದಕ್ಕೆ ಅರೆಬರೆ ಸಿಕ್ಕರೆ, ಲಸಿಕೆಯೇ ಮೊದಲನೇ ಸೋಂಕಿನ ಜಾಗದಲ್ಲಿ ನಿಂತುಬಿಡಬಹುದು. ಮೇಲಾಗಿ, ದುರ್ಬಲಗೊಳಿಸಿದ ನಾಲ್ಕು ಜೀವಂತ ವೈರಸ್‌ಗಳನ್ನು ಒಂದೇ ಸೀಸೆಗೆ ಹಾಕಿದರೆ ಅವು ಸುಮ್ನೆ ಕೂರುವುದಿಲ್ಲ. ಒಂದು ಜಾಸ್ತಿ ಬೆಳೆದು ಉಳಿದವನ್ನು ಮೂಲೆಗೆ ತಳ್ಳುತ್ತದೆ.

ಲಸಿಕೆ ಎಷ್ಟು ಆಂಟಿಬಾಡಿ ಹುಟ್ಟಿಸಿದೆ ಎಂದು ನೋಡುವ ಹಳೆಯ ಪರೀಕ್ಷೆಯೊಂದಿದೆ, ಪ್ಲಾಕ್ ಟೆಸ್ಟ್ ಎನ್ನುತ್ತೇವೆ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನ ತಳದಲ್ಲಿ ಕೋತಿಯ ಮೂತ್ರಪಿಂಡದಿಂದ ಬಂದ ವೀರೋ ಜೀವಕೋಶಗಳನ್ನು ಒಂದು ಪದರವಾಗಿ ಬೆಳೆಸುತ್ತೇವೆ. ಲಸಿಕೆ ಪಡೆದವರ ಸೀರಂ ಅನ್ನು, ಅಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿಯನ್ನು, ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ಎಂದು ತೆಳು ಮಾಡುತ್ತಾ ಹೋಗುತ್ತೇವೆ. ಒಂದೊಂದನ್ನೂ ವೈರಸ್ ಜತೆ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ಆ ಪದರದ ಮೇಲೆ ಬಿಡುತ್ತೇವೆ. ವೈರಸ್ ಎಲ್ಲೆಂದರಲ್ಲಿ ಹರಡದ ಹಾಗೆ ಮೇಲೊಂದು ಮಂದ ದ್ರವ. ಕೆಲವು ದಿನ ಕಳೆದು ನೇರಳೆ ಬಣ್ಣ ಹಾಕಿದರೆ ಬದುಕಿರುವ ಜೀವಕೋಶಗಳು ಬಣ್ಣ ಹಿಡಿಯುತ್ತವೆ, ವೈರಸ್ ತಿಂದ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ. ಆ ಚುಕ್ಕೆಗಳನ್ನು ಎಣಿಸಬೇಕು. ಎಷ್ಟು ಪಟ್ಟಿನವರೆಗೆ ತೆಳು ಮಾಡಿದರೂ ಸೀರಂ ಚುಕ್ಕೆಗಳನ್ನು ಅರ್ಧಕ್ಕಿಳಿಸುತ್ತದೋ, ಅದೇ ಅಂಕಿ. ನೋಡಲು ಚೆಂದ, ವರದಿಗೆ ಹಾಕಲೂ ಚೆಂದ.

ಆದರೆ ವೀರೋ ಜೀವಕೋಶಕ್ಕೆ ಆಂಟಿಬಾಡಿಯ ಬಾಲ ಹಿಡಿಯುವ ಕೊಂಡಿಯೇ ಇಲ್ಲ! ಅಂದರೆ ಆಂಟಿಬಾಡಿ ವೈರಸ್ಸಿಗೆ ನೆರವಾಗುವ ಕೆಟ್ಟ ಮುಖ ಈ ಪ್ಲೇಟಿನಲ್ಲಿ ಕಾಣುವುದೇ ಇಲ್ಲ. 2012ರಲ್ಲಿ ಥಾಯ್ಲೆಂಡಿನ ರಾಚಬುರಿಯಲ್ಲಿ 4,002 ಮಕ್ಕಳ ಮೇಲೆ ನಡೆದ ಡೆಂಗಿ ಲಸಿಕೆಯ ಪ್ರಯೋಗದ ಫಲಿತಾಂಶ ಬಂದಾಗ ಈ ಕ್ಷೇತ್ರದಲ್ಲಿದ್ದ ಎಲ್ಲರೂ ತಲೆ ಕೆರೆದುಕೊಂಡರು. ಎರಡನೇ ವಿಧಕ್ಕೆ ಪ್ಲೇಟಿನಲ್ಲಿ ಒಳ್ಳೆಯ ಅಂಕಿ ಇತ್ತು. ಅದೇ ವಿಧದಿಂದ ರಕ್ಷಣೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಒಟ್ಟಾರೆ ರಕ್ಷಣೆ ಶೇ 30ರಷ್ಟು. ನನ್ನ ಮಟ್ಟಿಗೆ ಡೆಂಗಿ ಲಸಿಕೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ. ಸಿಗಬೇಕಾದಷ್ಟು ಗಮನ ಅದಕ್ಕೆ ಸಿಗಲಿಲ್ಲ.

ರಾಚಬುರಿಯಲ್ಲಿ ಪರೀಕ್ಷಿಸಿದ ಲಸಿಕೆ ಸನೋಫಿ ಕಂಪನಿಯ ಡೆಂಗ್‌ವ್ಯಾಕ್ಸಿಯಾ. ಹಳದಿ ಜ್ವರದ ಲಸಿಕೆ ವೈರಸ್ಸಿಗೆ ಡೆಂಗಿಯ ಹೊರಕವಚ ತೊಡಿಸಿ ಮಾಡಿದ್ದು. ಬುದ್ಧಿವಂತಿಕೆಯ ಕೆಲಸವೇ. ಕೊರತೆ ಏನೆಂದರೆ, ಒಳಗಿನ ಪ್ರೋಟೀನುಗಳೆಲ್ಲ ಹಳದಿ ಜ್ವರದವು. ಡೆಂಗಿಯ ಒಳಭಾಗವನ್ನು ಗುರುತಿಸುವ ಟಿ-ಕೋಶಗಳಿಗೆ (ಸೋಂಕು ತಗುಲಿದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಿಗೆ) ಅದರಿಂದ ಪಾಠವೇ ಆಗುವುದಿಲ್ಲ. ಮುಂದೆ 30 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ದೊಡ್ಡ ಪ್ರಯೋಗಗಳಾದವು. ಮೂರನೇ ವರ್ಷದಲ್ಲಿ, ಲಸಿಕೆ ಪಡೆದ 2ರಿಂದ 5 ವರ್ಷದ ಏಷ್ಯಾದ ಮಕ್ಕಳು ಲಸಿಕೆ ಪಡೆಯದವರಿಗಿಂತ ಜಾಸ್ತಿ ಆಸ್ಪತ್ರೆ ಸೇರಿದ್ದು ಕಂಡಿತು. ವಯಸ್ಸು ಚಿಕ್ಕದೆಂದು ಹೀಗಾಯಿತೋ, ಮೊದಲು ಡೆಂಗಿ ಬಂದಿರಲಿಲ್ಲವೆಂದೋ? ಹೇಳಲು ಆಗಲಿಲ್ಲ. ಏಕೆಂದರೆ ಮೊದಲ ಡೋಸಿಗೆ ಮುಂಚೆ ರಕ್ತ ತೆಗೆದಿಟ್ಟಿದ್ದು ಹತ್ತರಲ್ಲಿ ಒಂದೆರಡು ಪಾಲು ಮಕ್ಕಳದು ಮಾತ್ರ.

ಆಮೇಲೆ ಅದನ್ನು ಬಿಡಿಸಿದ ರೀತಿ ಸೊಗಸಾಗಿದೆ. ಲಸಿಕೆಯೊಳಗಿನ ಎನ್‌ಎಸ್‌1 ಪ್ರೋಟೀನು ಹಳದಿ ಜ್ವರದ್ದು ತಾನೆ? ಹಾಗಾದರೆ ಯಾರ ರಕ್ತದಲ್ಲಿ ಡೆಂಗಿಯ ಎನ್‌ಎಸ್‌1ಗೆ ಆಂಟಿಬಾಡಿ ಇದೆಯೋ ಅವರಿಗೆ ನಿಜವಾದ ಡೆಂಗಿ ಬಂದಿರಲೇಬೇಕು, ಅದು ಲಸಿಕೆಯಿಂದ ಬಂದದ್ದಾಗಿರಲಾರದು. 13ನೇ ತಿಂಗಳಲ್ಲಿ ತೆಗೆದಿದ್ದ ರಕ್ತ ಎಲ್ಲರದೂ ಫ್ರೀಜರಿನಲ್ಲಿತ್ತು. ಅದನ್ನು ಹೊರತೆಗೆದು ಲೆಕ್ಕ ಹಾಕಿದರು. ಮೊದಲು ಡೆಂಗಿ ಬಂದಿದ್ದವರಲ್ಲಿ ಐದು ವರ್ಷದೊಳಗೆ ಆಸ್ಪತ್ರೆ ಸೇರಿದವರು ಲಸಿಕೆ ಇಲ್ಲದ ಗುಂಪಿನಲ್ಲಿ ಶೇ 2.47, ಲಸಿಕೆ ಪಡೆದ ಗುಂಪಿನಲ್ಲಿ ಶೇ 0.75. ಡೆಂಗಿ ಬಂದಿರದವರಲ್ಲಿ ತಿರುಗುಮುರುಗು: ಲಸಿಕೆ ಇಲ್ಲದವರು ಶೇ 1.87, ಪಡೆದವರು ಶೇ 3.06. ಒಂದೇ ಲಸಿಕೆ, ಒಬ್ಬರಿಗೆ ಕವಚ, ಇನ್ನೊಬ್ಬರಿಗೆ ಅಪಾಯ.

2017ರ ನವೆಂಬರಿನಲ್ಲಿ ಕಂಪನಿ ಇದನ್ನು ಪ್ರಕಟಿಸುವ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ 8 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಲಸಿಕೆ ಹಾಕಿಯಾಗಿತ್ತು. ಕಾರ್ಯಕ್ರಮ ನಿಂತಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಉಳಿದ ಲಸಿಕೆಗಳ ಮೇಲಿನ ನಂಬಿಕೆಗೆ. 2019ರಲ್ಲಿ ಆ ದೇಶ ದೊಡ್ಡ ದಡಾರ ಹಾವಳಿ ಕಂಡಿತು.

ಈಗಿನ ಡೆಂಗಿ ಪ್ರಯೋಗಗಳಲ್ಲಿ ಮೊದಲ ಡೋಸಿಗೆ ಮುಂಚೆ ರಕ್ತ ತೆಗೆಯದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ‘ಲಸಿಕೆ ಹಾಕ್ತೀವಿ ಅಂದ್ರಿ, ಈಗ ರಕ್ತ ಯಾಕೆ ತಗೋತೀರಿ?’ ಎಂದು ಮಗುವನ್ನು ಕರೆತಂದವರು ಕೇಳುತ್ತಾರೆ. ‘ನಮ್ಮ ಮಗುಗೆ ಡೆಂಗಿ ಬಂದೇ ಇಲ್ಲ’ ಎಂದೂ ಖಂಡಿತವಾಗಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಡೆಂಗಿ ತಗುಲಿದವರಲ್ಲಿ ಬಹುಪಾಲು ಜನರಿಗೆ ಜ್ವರವೂ ಬರದೆ ಹೋಗಿರುತ್ತದೆ. ಹಾಗಾಗಿ ನೆನಪಿಗೆ ಇಲ್ಲಿ ಬೆಲೆ ಕಡಿಮೆ.

ಆಮೇಲೆ ಬಂದ ಎರಡು ಲಸಿಕೆಗಳು ಡೆಂಗಿ ವೈರಸ್ಸನ್ನೇ ಬುನಾದಿ ಮಾಡಿಕೊಂಡವು. ಟಕೇಡಾ ಕಂಪನಿಯ ಕ್ಯೂಡೆಂಗಾದ ಬುನಾದಿ ಎರಡನೇ ವಿಧ. ಥಾಯ್ಲೆಂಡಿನ ಮಹಿಡೋಲ್ ವಿಶ್ವವಿದ್ಯಾಲಯದಲ್ಲಿ ನಾಯಿಯ ಮೂತ್ರಪಿಂಡದ ಜೀವಕೋಶಗಳಲ್ಲಿ 53 ಸಲ ಬೆಳೆಸಿ ಸೊರಗಿಸಿದ ವೈರಸ್ ಅದು. ಮೂರು ತಿಂಗಳ ಅಂತರದಲ್ಲಿ ಎರಡು ಡೋಸ್. ಮೊದಲ ವರ್ಷ ಶೇ 80ರಷ್ಟು ರಕ್ಷಣೆ. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ಆಸ್ಪತ್ರೆ ಸೇರುವುದನ್ನು ಶೇ 84ರಷ್ಟು ತಡೆದಿದೆ. ಆದರೆ ಮೊದಲು ಡೆಂಗಿ ಬಂದಿರದವರಲ್ಲಿ ಮೂರನೇ ವಿಧದಿಂದ ರಕ್ಷಣೆ ಕಂಡಿಲ್ಲ, ನಾಲ್ಕನೇ ವಿಧದ ಕೇಸುಗಳು ತೀರ್ಮಾನಕ್ಕೆ ಸಾಲುವಷ್ಟು ಸಿಕ್ಕಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಡೆಂಗಿ ವಿಪರೀತವಾಗಿ ಹರಡಿರುವ ಕಡೆ, 6ರಿಂದ 16 ವರ್ಷದವರಿಗೆ ಎಂದು ಮಿತಿ ಹಾಕಿ ಶಿಫಾರಸು ಮಾಡಿದೆ.

ಇನ್ನೊಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹುಟ್ಟಿ, ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆಯಲ್ಲಿ ಬೆಳೆದದ್ದು. ವೈರಸ್ಸಿನ ಸುಮಾರು 11 ಸಾವಿರ ಅಕ್ಷರಗಳ ಆರ್‌ಎನ್‌ಎಯ ಕೊನೆಯಲ್ಲಿ 30 ಅಕ್ಷರ ಕತ್ತರಿಸಿದ್ದಾರೆ. ವೈರಸ್ ಬೆಳೆಯುತ್ತದೆ, ಕಾಯಿಲೆ ತರುವಷ್ಟು ಬೆಳೆಯುವುದಿಲ್ಲ. ಇಲ್ಲಿ ನನಗೆ ಮೆಚ್ಚುಗೆಯಾದದ್ದು ದೊಡ್ಡ ಪ್ರಯೋಗಕ್ಕಿಂತ 2016ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನ. ಲಸಿಕೆ ಕೊಟ್ಟು ಆರು ತಿಂಗಳಾದ ಮೇಲೆ, 1974ರಲ್ಲಿ ಟೊಂಗಾ ದ್ವೀಪದಲ್ಲಿ ಹರಡಿದ್ದ ಎರಡನೇ ವಿಧದಿಂದ ಮಾಡಿದ ಸೌಮ್ಯ ವೈರಸ್ಸನ್ನು ಸ್ವಯಂಸೇವಕರಿಗೆ ಬೇಕೆಂದೇ ಚುಚ್ಚಿದರು. ಲಸಿಕೆ ಪಡೆದಿದ್ದ 21 ಜನರಲ್ಲಿ ಒಬ್ಬರ ರಕ್ತದಲ್ಲೂ ವೈರಸ್ ಸಿಗಲಿಲ್ಲ. ಪಡೆಯದ 20 ಜನರಲ್ಲೂ ಸಿಕ್ಕಿತು. ಪ್ಲೇಟಿನ ಅಂಕಿ ನಂಬಿ ಕೈಸುಟ್ಟುಕೊಂಡಿದ್ದ ಕ್ಷೇತ್ರಕ್ಕೆ ಬೇಕಿದ್ದದ್ದು ಇಂಥದ್ದೇ. ಆಮೇಲೆ ಬ್ರೆಜಿಲ್‌ನಲ್ಲಿ 16,235 ಜನರ ಪ್ರಯೋಗದಲ್ಲಿ ಒಂದೇ ಡೋಸ್ ಎರಡು ವರ್ಷದಲ್ಲಿ ಶೇ 79.6 ರಕ್ಷಣೆ ಕೊಟ್ಟಿತು. 2025ರ ನವೆಂಬರಿನಲ್ಲಿ ಅಲ್ಲಿ ಅನುಮತಿಯೂ ಸಿಕ್ಕಿತು. ಆ ಎರಡು ವರ್ಷ ಅಲ್ಲಿ ಮೂರು, ನಾಲ್ಕನೇ ವಿಧ ಓಡಾಡಲೇ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಇದೇ ಮೂಲದ ವೈರಸ್‌ಗಳನ್ನು ಪಡೆದ ಪನೇಸಿಯಾ ಬಯೋಟೆಕ್ ಕಂಪನಿ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಭಾರತದಲ್ಲಿ 2024ರ ಆಗಸ್ಟಿನಲ್ಲಿ ಮೂರನೇ ಹಂತದ ಪ್ರಯೋಗ ಶುರು ಮಾಡಿವೆ. ಅಲ್ಲಿ ಯಾವ ವಿಧ ಎಷ್ಟು ಹರಡುತ್ತದೆ ಎಂಬುದರ ಮೇಲೆ ಈ ಖಾಲಿ ಜಾಗ ತುಂಬುವುದು ನಿಂತಿದೆ.

ಚಿಕೂನ್‌ಗುನ್ಯ, ಝೀಕಾಗಳಲ್ಲಿ ನಾಲ್ಕು ವಿಧದ ತಲೆನೋವಿಲ್ಲ. ಅಲ್ಲಿ ಕಷ್ಟ ಬೇರೆ. ಝೀಕಾ ಲಸಿಕೆಗಳು ಪ್ರಯೋಗಕ್ಕೆ ಇಳಿಯುವಷ್ಟರಲ್ಲಿ ಕಾಯಿಲೆಯೇ ಇಳಿದುಹೋಯ್ತು, ಪರೀಕ್ಷಿಸಲು ಸೋಂಕೇ ಇಲ್ಲ. ಚಿಕೂನ್‌ಗುನ್ಯದ ಮೊದಲ ಲಸಿಕೆಗೆ 2023ರಲ್ಲಿ ಅಮೆರಿಕ ಅನುಮತಿ ಕೊಟ್ಟದ್ದು ಆಂಟಿಬಾಡಿಯ ಅಂಕಿ ನೋಡಿ. ವಯಸ್ಸಾದವರಲ್ಲಿ ಗಂಭೀರ ಅಡ್ಡಪರಿಣಾಮಗಳು ಕಂಡು, 2025ರ ಆಗಸ್ಟಿನಲ್ಲಿ ಅದರ ಪರವಾನಗಿಯನ್ನು ಅಮಾನತಿನಲ್ಲಿಟ್ಟರು.

ಒಂದು ಸಲ ಡೆಂಗಿ ಬಂದು ಹೋಗಿದೆ, ಇನ್ನು ಲಸಿಕೆ ಯಾಕೆ ಎನ್ನುವವರಿದ್ದಾರೆ. ಈಗಿರುವ ಲಸಿಕೆಗಳಿಂದ ಜಾಸ್ತಿ ಲಾಭ ಆಗುವುದು ಅವರಿಗೇ. ಉಳಿದ ಮೂರು ವಿಧ ಇನ್ನೂ ಬಾಕಿ ಇವೆ, ಎರಡನೇ ಸೋಂಕೇ ಅಪಾಯದ್ದು. ಲಸಿಕೆ ಹಾಕಿಸಿಕೊಂಡ ಮೇಲೆ ಜ್ವರ ಬಂದರೆ ಡೆಂಗಿ ಇರಲಾರದು ಎಂದು ಸುಮ್ಮನಾಗಬೇಡಿ, ಪರೀಕ್ಷೆ ಮಾಡಿಸಿ. ಲಸಿಕೆ ಯಾವಾಗ ಆಯ್ತು ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಆಂಟಿಬಾಡಿ ನೋಡುವ ಟೆಸ್ಟುಗಳು ಲಸಿಕೆಯಿಂದಲೂ ಪಾಸಿಟಿವ್ ಬರಬಹುದು. ಜ್ವರ ಶುರುವಾದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಪತ್ತೆ ಮಾಡುವ ಎನ್‌ಎಸ್‌1 ಅಥವಾ ಪಿಸಿಆರ್ ಟೆಸ್ಟ್ ಮಾಡಿಸುವುದು ಒಳ್ಳೆಯದು.